ಛೇದ ನೋಡುವವರು: ಮಾಟುಂಗಾದ ಒಂದು ವಿದ್ಯಾರ್ಥಿವೇತನ ಸಲಹಾ ಕೋಣೆ

ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ಹೂವಿನ ಅಂಗಡಿಗಳ ಸಾಲನ್ನು ದಾಟಿ, ಹಳೆಯ ಕಟ್ಟಡವೊಂದರ ಮರದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಫಲಕವಿಲ್ಲದ ಒಂದು ಕೋಣೆ ಇದೆ. ಕಾಲೇಜು ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ ಅರ್ಜಿಗಳನ್ನು, ಅದರಲ್ಲೂ ಎರಡನೆಯ ವರ್ಷದಿಂದ ಮಾಡಬೇಕಾದ ನವೀಕರಣದ ಅರ್ಜಿಗಳನ್ನು, ನೋಡಿ ಸಲಹೆ ಕೊಡುವುದು ಇಲ್ಲಿಯ ಕೆಲಸ. ನಡೆಸುವವರು ಅಂಕೋಲೆ ಕಡೆಯ ಹಿರಿಯರು. ಮುಂಬಯಿಯ ಕಾಲೇಜೊಂದರ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಈ ವಿಮರ್ಶೆ ಬರೆಯುತ್ತೇನೆಂದು ಹೇಳಿದಾಗ, "ಹೆಸರು ಮಾತ್ರ ಹಾಕಬೇಡಿ, ಈಗಲೇ ಸಾಲು ಮೆಟ್ಟಿಲ ತನಕ ಬರುತ್ತದೆ" ಎಂದರು. ಆದ್ದರಿಂದ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ. ಹುಡುಕುವವರಿಗೆ ಹೂವಿನ ಅಂಗಡಿಯವರು ದಾರಿ ತೋರಿಸುತ್ತಾರೆ.

ನಾನು ಡೊಂಬಿವಲಿಯಿಂದ ಅಲ್ಲಿಯ ತನಕ ಹೋಗಬೇಕಾಗಿ ಬಂದದ್ದಕ್ಕೆ ಕಾರಣ ನಮ್ಮ ಮನೆಯ ಹತ್ತಿರದ ಒಂದು ಸೈಬರ್ ಅಂಗಡಿ. ನನ್ನ ಮಗಳು ಹನ್ನೆರಡನೆಯ ತರಗತಿಯಲ್ಲಿ ಚೆನ್ನಾಗಿ ಅಂಕ ಪಡೆದು, ಕೇಂದ್ರ ಶಿಕ್ಷಣ ಸಚಿವಾಲಯದ ಕೇಂದ್ರ ವಲಯ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿದ್ದಳು. ಈಗ ಪಿಎಂ-ಯುಎಸ್‌ಪಿ ಎಂಬ ಹೆಸರಿನಡಿ ನಡೆಯುವ ಈ ಯೋಜನೆಯಲ್ಲಿ ದೇಶದಾದ್ಯಂತ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ ಅವಕಾಶವಿದ್ದು, ಅದರಲ್ಲಿ ಅರ್ಧ ಹುಡುಗಿಯರಿಗೆ ಮೀಸಲು. ತಮ್ಮ ಮಂಡಳಿಯ ಪರೀಕ್ಷೆಯಲ್ಲಿ, ತಮ್ಮ ವಿಭಾಗದಲ್ಲಿ, ಮೇಲಿನ ಶೇ. 20ರೊಳಗೆ ಬಂದಿರಬೇಕು, ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ರೂಪಾಯಿ ಮೀರಬಾರದು, ಓದುವುದು ನಿಯಮಿತ ಪದವಿ ತರಗತಿಯಾಗಿರಬೇಕು, ಅಂಚೆ ತೆರಪಿನ ಶಿಕ್ಷಣಕ್ಕೆ ಸಿಗದು. ಪದವಿಯ ಮೂರು ವರ್ಷ ತಲಾ 12,000 ರೂಪಾಯಿ, ಸ್ನಾತಕೋತ್ತರಕ್ಕೆ ವರ್ಷಕ್ಕೆ 20,000. ದೊಡ್ಡ ಮೊತ್ತವಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಲೋಕಲ್ ಪಾಸು, ಪುಸ್ತಕ, ಪ್ರಯೋಗಾಲಯದ ಜರ್ನಲ್ ಎಂದು ಲೆಕ್ಕ ಹಾಕುವ ಮನೆಯಲ್ಲಿ ಹನ್ನೆರಡು ಸಾವಿರ ಎಂದರೆ ಎಷ್ಟು ಎಂಬುದು ನನ್ನಂಥವರಿಗೆ ಗೊತ್ತು.

ಸೈಬರ್ ಅಂಗಡಿಯವನು ಮೊದಲ ವರ್ಷದ ಅರ್ಜಿ ತುಂಬುವಾಗ ಬೇಗ ಮುಗಿಸುವ ಹುಮ್ಮಸ್ಸಿನಲ್ಲಿ ತನ್ನದೇ ಮೊಬೈಲ್ ಸಂಖ್ಯೆಯನ್ನು ಹಾಕಿದ್ದ. ಮರುವರ್ಷ ನವೀಕರಣಕ್ಕೆ ಹೋದಾಗ ಓಟಿಪಿ ಹೋದದ್ದು ಆ ಸಂಖ್ಯೆಗೆ; ಅಂಗಡಿಯವನು ಆ ಸಿಮ್ಮನ್ನು ಯಾವತ್ತೋ ಬಿಟ್ಟಿದ್ದ. ಅದು ಸಾಲದೆಂಬಂತೆ, ನವೀಕರಣದ ಬದಲು ಹೊಸ ಅರ್ಜಿಯನ್ನೇ ತುಂಬಿಬಿಡೋಣ, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ಧೈರ್ಯ ಬೇರೆ ಹೇಳಿದ. ಅವನ ಧೈರ್ಯವೇ ನನಗೆ ಭಯ ಹುಟ್ಟಿಸಿತು. ಸಂಘದ ಕಾರ್ಯಕ್ರಮವೊಂದರಲ್ಲಿ ಪಕ್ಕದಲ್ಲಿ ಕುಳಿತಿದ್ದವರು ಮಾಟುಂಗಾದ ಈ ಕೋಣೆಯ ಬಗ್ಗೆ ಹೇಳಿದ್ದು ಆಗಲೇ.

ಒಂದು ಶನಿವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋದೆ. ಕೋಣೆಯಲ್ಲಿ ಒಂದು ಮೇಜು, ಎರಡು ಕಂಪ್ಯೂಟರ್, ಗೋಡೆಗೆ ಒರಗಿಸಿದ ಕಬ್ಬಿಣದ ಕಪಾಟು. ಕಪಾಟಿನ ಬಾಗಿಲ ಒಳಗೆ ಯೋಜನೆಯೊಂದಕ್ಕೆ ಒಂದರಂತೆ ಕೈಬರಹದ ಹಾಳೆಗಳನ್ನು ಅಂಟಿಸಿದ್ದಾರೆ. ಉಳಿದ ಅಂಗಡಿಗಳಲ್ಲಿ ಮೊದಲ ಪ್ರಶ್ನೆ ಆಧಾರ್ ಕಾರ್ಡಿನದ್ದು, ಎರಡನೆಯದು ಓಟಿಪಿಯದ್ದು. ಇಲ್ಲಿ ಹಾಗಲ್ಲ. "ತಂಗಿ, ಅಂಕಪಟ್ಟಿ ಕೊಡು. ಹಾಜರಾತಿ ಎಷ್ಟು ಬಿದ್ದಿದೆ?" ಎಂದು ಅವರು ಕೇಳಿದ್ದು ಮಗಳನ್ನೇ, ನನ್ನನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸಿದರು. ಅಪ್ಪ-ಅಮ್ಮ ಮೌಸ್ ಮುಟ್ಟಬಾರದು ಎಂಬುದು ಇಲ್ಲಿಯ ನಿಯಮ. ಅರ್ಜಿಯನ್ನು ವಿದ್ಯಾರ್ಥಿಯೇ ತುಂಬಬೇಕು, ಸಂಖ್ಯೆಯೂ ಗುಪ್ತಪದವೂ ಅವರದ್ದೇ ಆಗಿರಬೇಕು, ಇವರು ಪಕ್ಕದಲ್ಲಿ ಕುಳಿತು ಹೇಳುತ್ತಾರೆ ಅಷ್ಟೆ. ದುಡ್ಡು ಕೊಟ್ಟು ಬಂದವನಿಗೆ ಇದು ಮೊದಲು ಕಿರಿಕಿರಿ ಎನಿಸಿತು.

ಕೇಂದ್ರ ವಲಯದ ಈ ಯೋಜನೆಯಲ್ಲಿ ಒಮ್ಮೆ ಆಯ್ಕೆಯಾದರೆ ಪದವಿ ಮುಗಿಯುವ ತನಕ ಹಣ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು, ಅದಕ್ಕೆ ಹಿಂದಿನ ವರ್ಷದ ಪರೀಕ್ಷೆಯಲ್ಲಿ ಕನಿಷ್ಠ ಶೇ. 50 ಅಂಕ ಮತ್ತು ಕನಿಷ್ಠ ಶೇ. 75 ಹಾಜರಾತಿ ಇರಬೇಕು. ಮಗಳಿಗೆ ಅಂಕದ ತೊಂದರೆ ಇರಲಿಲ್ಲ. ಗ್ರೇಡ್ ಅಂಕಗಳ ಸರಾಸರಿಯಾದ ಸಿಜಿಪಿಎಯನ್ನು ಶೇಕಡಾವಾರಿಗೆ ಇಳಿಸುವ ಸೂತ್ರ ಆಯಾ ವಿಶ್ವವಿದ್ಯಾಲಯದ್ದೇ ಆಗಿರಬೇಕು, ಹತ್ತರಿಂದ ಗುಣಿಸಿ ಬರೆದುಬಿಡಬಾರದು ಎಂದು ತಿದ್ದಿದರು, ಅಷ್ಟೇ. ತೊಂದರೆ ಇದ್ದದ್ದು ಹಾಜರಾತಿಯಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ ಡೆಂಗಿ ಜ್ವರ ಬಂದು ಮೂರು ವಾರ ಮನೆಯಲ್ಲೇ ಇದ್ದಳು. ಕಾಲೇಜಿನ ಕಚೇರಿಯವರು ಕೊಟ್ಟ ಹಾಜರಾತಿ ಪತ್ರದಲ್ಲಿ ಶೇ. 67 ಎಂದಿತ್ತು. ಅದನ್ನು ನೋಡಿಯೇ ನಾವಿಬ್ಬರೂ ಅರ್ಧ ಕೈಬಿಟ್ಟಿದ್ದೆವು.

ಅವರು ಕನ್ನಡಕವನ್ನು ಹಣೆಗೇರಿಸಿ, ಆ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಆಮೇಲೆ ಹಳೆಯ ಲಗ್ನಪತ್ರಿಕೆಯ ಲಕೋಟೆಯೊಂದರ ಹಿಂಬದಿಯಲ್ಲಿ ಒಂದು ಗೆರೆ ಎಳೆದು ಮೇಲೆ 128, ಕೆಳಗೆ 190 ಎಂದು ಬರೆದರು. "ಎಲ್ಲರೂ ಮೇಲಿನದನ್ನೇ ನೋಡುತ್ತಾರೆ. ಕೆಳಗಿನದನ್ನು ನೋಡು ತಂಗಿ. ಈ 190 ಯಾವುದರದ್ದು?" ಅದು ಮೊದಲ ಸೆಮಿಸ್ಟರಿನ ಒಟ್ಟು ತರಗತಿಗಳ ಸಂಖ್ಯೆ. ಎರಡನೆಯ ಸೆಮಿಸ್ಟರಿನಲ್ಲಿ 200 ತರಗತಿಗಳಲ್ಲಿ 172ಕ್ಕೆ ಹೋಗಿದ್ದಾಳೆ ಎಂಬುದು ಮಗಳ ಮೊಬೈಲಿನಲ್ಲಿತ್ತು. ನವೀಕರಣ ವರ್ಷಕ್ಕೆ ಒಮ್ಮೆ ಆಗುವುದರಿಂದ ವರ್ಷದ ಹಾಜರಾತಿಯನ್ನು ನೋಡಬೇಕು: 390ರಲ್ಲಿ 300, ಅಂದರೆ ಶೇ. 76.9. ಕಚೇರಿಯವರು ಕೊಟ್ಟದ್ದು ಅರ್ಧ ವರ್ಷದ ಪತ್ರ, ನಾವು ಕೇಳಿದ್ದೂ ಬರೀ "ಹಾಜರಾತಿ ಪತ್ರ" ಎಂದು. ಇಡೀ ಶೈಕ್ಷಣಿಕ ವರ್ಷದ ಹಾಜರಾತಿ ಎಂದು ಸ್ಪಷ್ಟವಾಗಿ ಬರೆದು ಅರ್ಜಿ ಕೊಟ್ಟು ತನ್ನಿ, ಜೊತೆಗೆ ಆಸ್ಪತ್ರೆಯ ಕಾಗದವನ್ನೂ ಲಗತ್ತಿಸಿ, ಅರ್ಜಿಯ ನಕಲಿನ ಮೇಲೆ ಆವಕ್ ಮೊಹರು, ಅಂದರೆ ಕಾಗದ ಬಂದು ಸೇರಿತೆಂಬ ಮೊಹರು, ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ ಎಂದು ಹೇಳಿ ಕಳುಹಿಸಿದರು. ಮಹಾರಾಷ್ಟ್ರದ ಕಚೇರಿಗಳಲ್ಲಿ ಆವಕ್-ಜಾವಕ್ ಪುಸ್ತಕದಲ್ಲಿ ಸಂಖ್ಯೆ ಬೀಳದ ಕಾಗದವು ಕಾಗದವೇ ಅಲ್ಲ ಎಂಬುದು ಒಳಗಿದ್ದು ಕೆಲಸ ಮಾಡಿದವರಿಗೆ ಮಾತ್ರ ಇಷ್ಟು ಖಚಿತವಾಗಿ ಗೊತ್ತಿರುತ್ತದೆ.

ಹೊಸ ಪತ್ರ ಬರಲು ಒಂಬತ್ತು ದಿನ ಹಿಡಿಯಿತು. ಮೊಬೈಲ್ ಸಂಖ್ಯೆಯ ಗೊಂದಲ ಬಿಡಿಸಲು ಇನ್ನೂ ಎರಡು ಸಲ ಹೋಗಬೇಕಾಯಿತು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಈಗ ಒಮ್ಮೆ ಮಾಡುವ ನೋಂದಣಿ, ಅದಕ್ಕೆ ಆಧಾರಿನ ಮುಖ ಗುರುತು ಎಲ್ಲ ಬಂದಿರುವುದರಿಂದ ಅಂಗಡಿಯವನ ಸಂಖ್ಯೆಯ ಕಾಟ ಮುಂದಿನವರಿಗೆ ಅಷ್ಟು ಬರಲಿಕ್ಕಿಲ್ಲ. ಅರ್ಜಿ ಸಲ್ಲಿಸಿದರೆ ಮುಗಿಯಿತೆಂದು ತಿಳಿಯಬಾರದು. ಮೊದಲು ಕಾಲೇಜಿನ ನೋಡಲ್ ಅಧಿಕಾರಿ, ಆಮೇಲೆ ಮೇಲಿನ ಹಂತದವರು ಪರಿಶೀಲಿಸಿದ ಮೇಲೆಯೇ ಅದು ಮುಂದಕ್ಕೆ ಹೋಗುತ್ತದೆ. ಹಣ ಬರುವುದು ಆಧಾರ್ ಜೋಡಣೆಯಾದ, ವಿದ್ಯಾರ್ಥಿಯದೇ ಹೆಸರಿನ ಖಾತೆಗೆ. ಅರ್ಜಿ ಯಾವ ಹಂತದಲ್ಲಿದೆ ಎಂದು ವಾರಕ್ಕೊಮ್ಮೆ ನೋಡಿ ಲಕೋಟೆಯ ಮೇಲೆ ದಿನಾಂಕ ಬರೆದಿಡು ಎಂದು ಮಗಳಿಗೆ ಹೇಳಿದ್ದರು. ಆ ಲಕೋಟೆ ಈಗಲೂ ಅವಳ ಮೇಜಿನ ಗಾಜಿನ ಕೆಳಗಿದೆ.

ಇಲ್ಲಿಯ ತನಕ ಹೊಗಳಿದ್ದಾಯಿತು. ಇನ್ನು ನಾನು ಕಣ್ಣಾರೆ ಕಂಡ ಒಂದು ತಪ್ಪನ್ನೂ ಹೇಳಬೇಕು. ನಮ್ಮ ಎರಡನೆಯ ಭೇಟಿಯ ದಿನ ಸಾಯನ್ ಕಡೆಯಿಂದ ಬಂದಿದ್ದ ಹುಡುಗನೊಬ್ಬ ನಮಗಿಂತ ಮುಂದಿದ್ದ. ಒಂದು ವಿಷಯದಲ್ಲಿ ಎಟಿಕೆಟಿ. ಮುಂಬಯಿಯ ಕಾಲೇಜುಗಳಲ್ಲಿ ಓದಿದವರಿಗೆ ಈ ನಾಲ್ಕು ಅಕ್ಷರಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುವುದಾದರೆ, ಒಂದೆರಡು ವಿಷಯ ಬಾಕಿ ಉಳಿಸಿಕೊಂಡೇ ಮುಂದಿನ ತರಗತಿಗೆ ಹೋಗಲು ಸಿಗುವ ಅನುಮತಿ ಅದು. ಅಂಕಪಟ್ಟಿ ನೋಡಿದ ಕೂಡಲೇ ಹಿರಿಯರು, "ಎಟಿಕೆಟಿ ಇದ್ದರೆ ರಿನ್ಯೂವಲ್ ಆಗುವುದಿಲ್ಲ ತಮ್ಮಾ, ಅದು ಪಾಸ್ ಮಾಡಿಕೊಂಡು ಬಾ" ಎಂದುಬಿಟ್ಟರು. ಹುಡುಗನ ಮುಖ ಸಣ್ಣದಾಯಿತು. ಕಾಗದ ಮಡಿಸಿ ಎದ್ದೇಬಿಟ್ಟಿದ್ದ. ಪಕ್ಕದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದ ಸಹಾಯಕಿ, ಅವಳೂ ಕಾಲೇಜು ವಿದ್ಯಾರ್ಥಿನಿಯೇ, "ಸರ್, ಇವರದ್ದು ಮಹಾಡಿಬಿಟಿ, ಕೇಂದ್ರದ್ದಲ್ಲ" ಎಂದು ಮೆಲ್ಲಗೆ ಹೇಳಿದಳು.

ಮಹಾಡಿಬಿಟಿ ಎಂದರೆ ಮಹಾರಾಷ್ಟ್ರ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್. ಅವನದ್ದು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಅದಕ್ಕೆ ಶೇ. 50ರ ಅಳತೆಗೋಲು ಇಲ್ಲ. ರಾಜ್ಯದ ಪೋರ್ಟಲಿನಲ್ಲಿ ಈ ಯೋಜನೆಗೆ ಬರೆದಿರುವ ಪ್ರಕಾರ, ವಿದ್ಯಾರ್ಥಿ ಮೊದಲ ಸಲ ಅನುತ್ತೀರ್ಣನಾದರೂ ಪರೀಕ್ಷಾ ಶುಲ್ಕವೂ ನಿರ್ವಹಣಾ ಭತ್ಯೆಯೂ ಸಿಗುತ್ತದೆ. ಎರಡನೆಯ ಸಲವಾದರೆ ಭತ್ಯೆ ನಿಲ್ಲುತ್ತದೆ. ಹಾಗಿರುವಾಗ ಎಟಿಕೆಟಿಯಲ್ಲಿ ಮೇಲಿನ ತರಗತಿಗೆ ಹೋದವನನ್ನು ವಾಪಸು ಕಳುಹಿಸುವುದು ಹೇಗೆ ಸರಿ? ಹಿರಿಯರು ಕಪಾಟಿನ ಬಾಗಿಲು ತೆರೆದು ಆ ಯೋಜನೆಯ ಹಾಳೆ ನೋಡಿದರು, ಹುಡುಗನನ್ನು ಕರೆದು ಕೂರಿಸಿದರು, ತಪ್ಪಾಯಿತು ಎಂದು ನೇರವಾಗಿ ಹೇಳಿದರು, ಅವನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ ಆ ದಿನ ಸಹಾಯಕಿ ಇಲ್ಲದೆ ಹೋಗಿದ್ದರೆ? ಒಂದು ಯೋಜನೆಯ ನಿಯಮ ಬಾಯಿಪಾಠವಾಗಿಬಿಟ್ಟರೆ ಅದನ್ನು ಎಲ್ಲಕ್ಕೂ ಹಚ್ಚುವ ಅಭ್ಯಾಸ ಬರುತ್ತದೆ, ಅನುಭವ ಹೆಚ್ಚಾದಷ್ಟೂ ಅದು ಹೆಚ್ಚು. ನನ್ನ ದೃಷ್ಟಿಯಲ್ಲಿ ಈ ಸೇವೆಗೆ ಕಳೆಯಬೇಕಾದ ಅಂಕ ಇಲ್ಲಿದೆ.

ಯೋಜನೆಗಳ ನಡುವೆ ಇಂಥ ಅಂತರ ಬಹಳ. ರಾಜರ್ಷಿ ಛತ್ರಪತಿ ಶಾಹು ಮಹಾರಾಜರ ಹೆಸರಿನ ಶುಲ್ಕ ವಿದ್ಯಾರ್ಥಿವೇತನದಲ್ಲಿ ಕುಟುಂಬದ ಆದಾಯದ ಮಿತಿ ಎಂಟು ಲಕ್ಷ, ಓದಿನ ನಡುವೆ ಎರಡು ವರ್ಷಕ್ಕಿಂತ ಹೆಚ್ಚು ಬಿಡುವು ಇರಬಾರದು. ತಾಂತ್ರಿಕ ಶಿಕ್ಷಣದ ಹುಡುಗಿಯರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಕೊಡುವ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಅಲ್ಲಿ ಮುಂದಿನ ತರಗತಿಗೆ ಬಡ್ತಿ ಸಿಕ್ಕಿತೇ ಇಲ್ಲವೇ ಎಂಬುದೇ ಮುಖ್ಯ. ನಮ್ಮ ಊರಿನ ಸಂಘಗಳು, ಸಮುದಾಯದ ಸಂಘಗಳು ವರ್ಷವರ್ಷ ವೇದಿಕೆಯ ಮೇಲೆ ಕರೆದು ಕೊಡುವ ವಿದ್ಯಾರ್ಥಿವೇತನದ್ದು ಬೇರೆಯೇ ಲೆಕ್ಕ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಮೇಲೆ ಬಂದ ತಲೆಮಾರು ಈ ನಗರದಲ್ಲಿ ಇತ್ತಲ್ಲ, ಅವರ ಕಾಲಕ್ಕೆ ಶೇ. 75 ಹಾಜರಾತಿ ಕೇಳಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ ಎಂದು ಬೆಂಚಿನ ಮೇಲೆ ಕುಳಿತಾಗ ಅನ್ನಿಸಿತು. ಅದನ್ನು ಹೇಳಿದಾಗ ಹಿರಿಯರು ನಕ್ಕು, ತಾವೂ ರಾತ್ರಿ ಶಾಲೆಯಲ್ಲೇ ಓದಿದವರೆಂದು ಹೇಳಿದರು.

ಆಮೇಲೆ ಮತ್ತೊಂದು ಸಲ ಹೋದದ್ದು ನನ್ನ ಮಗಳಿಗಾಗಿ ಅಲ್ಲ, ಅಕ್ಕನ ಮಗಳಿಗಾಗಿ. ಅಕ್ಕ-ಭಾವ ನ್ಯೂಜೆರ್ಸಿಯಲ್ಲಿ ನೆಲೆಸಿದವರು. ಹುಡುಗಿ ಅಲ್ಲಿಯ ಪ್ರಜೆ, ಕಾಲೇಜಿನ ಮೊದಲ ವರ್ಷ ಮುಗಿಸಿದ್ದಾಳೆ, ಅಲ್ಲಿಯ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಎಂಬ ಅನುದಾನ ಪಡೆಯುತ್ತಾಳೆ. 2024-25ರಲ್ಲಿ ಆ ಅನುದಾನದ ಗರಿಷ್ಠ ಮೊತ್ತ 7,395 ಡಾಲರ್ ಇತ್ತು. ಅವಳ ಕಾಲೇಜಿನಿಂದ ಎಚ್ಚರಿಕೆಯ ಪತ್ರ ಬಂದಿತ್ತು: ಶೈಕ್ಷಣಿಕ ಪ್ರಗತಿ ತೃಪ್ತಿಕರವಾಗಿಲ್ಲ, ಮುಂದಿನ ಸೆಮಿಸ್ಟರಿನಲ್ಲಿ ಸುಧಾರಿಸದಿದ್ದರೆ ನೆರವು ನಿಲ್ಲುತ್ತದೆ. ಭಾವನವರಿಗೆ ಅರ್ಥವಾಗದ ವಿಷಯ ಒಂದೇ. ಹುಡುಗಿಯ ಜಿಪಿಎ 2.25 ಇದೆ, ಬೇಕಾದದ್ದು 2.0, ಹಾಗಿದ್ದ ಮೇಲೆ ಎಚ್ಚರಿಕೆ ಏಕೆ? ಪತ್ರವನ್ನು ಮುದ್ರಿಸಿಕೊಂಡು ಮಾಟುಂಗಾಕ್ಕೆ ಹೋದೆ. ಅಮೆರಿಕದ ವಿಷಯ ಇವರಿಗೆ ಗೊತ್ತಿರಲಿಕ್ಕಿಲ್ಲ ಎಂಬ ಅನುಮಾನ ಇಟ್ಟುಕೊಂಡೇ ಹೋದೆ.

ಮತ್ತೊಂದು ಲಕೋಟೆ ಬಂತು. ಮೊದಲ ಸೆಮಿಸ್ಟರಿನಲ್ಲಿ ಹುಡುಗಿ 15 ಕ್ರೆಡಿಟ್ (ಒಂದೊಂದು ವಿಷಯದ ತೂಕ ಅಳೆಯುವ ಮಾನ) ತೆಗೆದುಕೊಂಡು ಹದಿನೈದನ್ನೂ ಮುಗಿಸಿದ್ದಳು. ಎರಡನೆಯದರಲ್ಲಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದು, ಮತ್ತೆ 15 ತೆಗೆದುಕೊಂಡು, ಒಟ್ಟು ಆರು ಕ್ರೆಡಿಟ್‌ಗಳಾಗುವ ಎರಡು ವಿಷಯಗಳನ್ನು ನಡುವೆಯೇ ಬಿಟ್ಟಳು, ಇನ್ನಾರು ಕ್ರೆಡಿಟ್‌ಗಳಲ್ಲಿ ಅನುತ್ತೀರ್ಣಳಾದಳು, ಉಳಿದ ಮೂರನ್ನು ಮುಗಿಸಿದಳು. ನಡುವೆ ಬಿಟ್ಟ ವಿಷಯಕ್ಕೆ ಅಲ್ಲಿ ಡಬ್ಲ್ಯೂ ಎಂದು ದಾಖಲಿಸುತ್ತಾರೆ, ಅದು ಜಿಪಿಎಗೆ ಸೇರುವುದಿಲ್ಲ. ಹಾಗಾಗಿ ಜಿಪಿಎ ಲೆಕ್ಕಕ್ಕೆ ಛೇದ 24. ಆದರೆ ಪ್ರಗತಿಯ ವೇಗ ಎಂಬ ಎರಡನೆಯ ಅಳತೆಗೆ, ಬಿಟ್ಟದ್ದೂ ಸೇರಿ ತೆಗೆದುಕೊಂಡ ಎಲ್ಲ ಕ್ರೆಡಿಟ್‌ಗಳೂ ಛೇದಕ್ಕೆ ಬರುತ್ತವೆ: ಮೇಲೆ 18, ಕೆಳಗೆ 30, ಶೇ. 60. ಬಹುತೇಕ ಕಾಲೇಜುಗಳು ಕೇಳುವುದು ಶೇ. 67ರಷ್ಟು. "ನೋಡಿ, ಅಲ್ಲೂ ಅದೇ ಕಥೆ" ಎಂದು ಹಿರಿಯರು ಪೆನ್ನಿನಿಂದ 30ಕ್ಕೆ ಸುತ್ತು ಹಾಕಿದರು.

ಈ 67 ಎಲ್ಲಿಂದ ಬಂತು ಎಂಬುದನ್ನೂ ಅಲ್ಲೇ ಬಿಡಿಸಿದರು. ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ, ಪದವಿಗೆ ನಿಗದಿಯಾದ ಅವಧಿಯ ಒಂದೂವರೆ ಪಟ್ಟಿನೊಳಗೆ ಓದು ಮುಗಿಯಬೇಕು. 120 ಕ್ರೆಡಿಟ್‌ಗಳ ಪದವಿಯಾದರೆ ತೆಗೆದುಕೊಂಡ ಕ್ರೆಡಿಟ್‌ಗಳು 180 ಮೀರಬಾರದು. 120ನ್ನು 180ರಿಂದ ಭಾಗಿಸಿದರೆ 66.67. ಮುಂದಿನ ಸೆಮಿಸ್ಟರಿನಲ್ಲಿ ಹುಡುಗಿ 15 ತೆಗೆದುಕೊಂಡು ಎಲ್ಲವನ್ನೂ ಮುಗಿಸಿದರೆ 45ಕ್ಕೆ 33, ಶೇ. 73, ದಡ ಸೇರಿದ ಹಾಗೆ. ಮೂರು ಕ್ರೆಡಿಟ್‌ನ ಒಂದು ವಿಷಯ ಹೋದರೆ 45ಕ್ಕೆ 30, ಅಂದರೆ ಸರಿಯಾಗಿ 66.67. ಆಗ ಆ ಕಾಲೇಜು ತನ್ನ ನೀತಿಯಲ್ಲಿ 67 ಎಂದು ಬರೆದಿದೆಯೋ 66.67 ಎಂದು ಬರೆದಿದೆಯೋ ಎಂಬುದರ ಮೇಲೆ ಅವಳ ವರ್ಷ ನಿಲ್ಲುತ್ತದೆ. 12 ಮಾತ್ರ ತೆಗೆದುಕೊಂಡು ಅದರಲ್ಲಿ ಒಂದು ಹೋದರೆ 42ಕ್ಕೆ 27, ಶೇ. 64, ಅಲ್ಲಿಗೆ ಮುಗಿಯಿತು.

ಮುಗಿಯಿತೆಂದರೂ ಅಲ್ಲಿ ಮೇಲ್ಮನವಿಗೆ ಅವಕಾಶ ಕೊಡುವ ಕಾಲೇಜುಗಳಿವೆ. ಸ್ವಂತ ಕಾಯಿಲೆ, ಹತ್ತಿರದವರ ಸಾವು, ಬೇರೆ ವಿಶೇಷ ಸಂದರ್ಭ ಇಂಥ ಕಾರಣ ತೋರಿಸಿ, ಹಿಂದೆ ಏಕೆ ಹೀಗಾಯಿತು ಮತ್ತು ಈಗ ಏನು ಬದಲಾಗಿದೆ ಎಂಬ ಎರಡನ್ನೂ ಬರೆಯಬೇಕು. ಮನ್ನಣೆ ಸಿಕ್ಕರೆ ಒಂದು ಅವಧಿಯ ಮಟ್ಟಿಗೆ, ಅಥವಾ ಕಾಲೇಜು ಹಾಕಿಕೊಟ್ಟ ಓದಿನ ಯೋಜನೆಯಂತೆ ನಡೆಯುವ ತನಕ, ನೆರವು ಮುಂದುವರಿಯುತ್ತದೆ. ರಾತ್ರಿ ಪಾಳಿ ಬಿಡದೆ "ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ" ಎಂದು ಬರೆದರೆ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ ಎಂದು ಹಿರಿಯರು ಹೇಳಿದ್ದನ್ನು ನಾನು ಹಾಗೆಯೇ ಭಾವನವರಿಗೆ ತಲುಪಿಸಿದೆ. ಆ ದೇಶದಲ್ಲಿ ಸರ್ಕಾರ ಹೊರಗೆರೆ ಮಾತ್ರ ಹಾಕಿದೆ, ಒಳಗಿನ ನೀತಿ ಒಂದೊಂದು ಕಾಲೇಜಿನದ್ದೂ ಬೇರೆ, ಆದ್ದರಿಂದ ಹುಡುಗಿ ತನ್ನ ಕಾಲೇಜಿನ ನೀತಿಯನ್ನೇ ಓದಬೇಕು, ತಾನು ಭಾಗಾಕಾರ ಮಾಡಿಕೊಡಬಲ್ಲೆ ಅಷ್ಟೇ ಎಂದೂ ಅವರು ಹೇಳಿದರು. ಸಾಯನ್ನಿನ ಹುಡುಗನ ವಿಷಯದಲ್ಲಿ ಇಲ್ಲದ ಎಚ್ಚರ ಇಲ್ಲಿ ಇತ್ತು. ಆ ದಿನದ ಪಾಠವೇ ಇರಬಹುದು. ಇನ್ನೊಂದು ಮಾತು: ಮುಂಬಯಿಯಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವ ನಮ್ಮ ಮಕ್ಕಳಿಗೆ ಪೆಲ್ ಗ್ರಾಂಟಿನಂಥ ಅಲ್ಲಿಯ ಸರ್ಕಾರಿ ನೆರವು ಸಿಗುವುದಿಲ್ಲ. ಅವರಿಗೆ ವಿಶ್ವವಿದ್ಯಾಲಯವೇ ಕೊಡುವ ಸ್ಕಾಲರ್‌ಶಿಪ್‌ಗೆ ಅದರದ್ದೇ ಆದ ಷರತ್ತುಗಳಿರುತ್ತವೆ, ಅವು ಕೆಲವೊಮ್ಮೆ 2.0ಕ್ಕಿಂತ ಬಹಳ ಮೇಲಿರುತ್ತವೆ.

ಅನನುಕೂಲಗಳನ್ನು ಚುಟುಕಾಗಿ ಹೇಳುತ್ತೇನೆ. ಮೊದಲೇ ಸಮಯ ಗೊತ್ತುಮಾಡಿಕೊಳ್ಳುವ ಪದ್ಧತಿ ಇಲ್ಲ, ಟೋಕನ್ನೂ ಇಲ್ಲ. ಮೊದಲ ದಿನ ಎರಡೂಕಾಲು ಗಂಟೆ ಕಾದೆವು. ಕಾಯುವವರಿಗೆ ಇರುವುದು ಒಂದೇ ಬೆಂಚು. ನಗದು ಮಾತ್ರ, ರಸೀದಿ ಕೇಳಿದರೆ ಮಾತ್ರ. ಮಾತು ಒರಟು, ಅಪ್ಪಂದಿರ ಮೇಲಂತೂ ಬಹಳ ಒರಟು. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿರುವವರು ಮಕ್ಕಳನ್ನು ಮಾತ್ರ ಕಳುಹಿಸಿದರೆ ಸಾಕು, ಹೇಗಿದ್ದರೂ ನಿಮಗೆ ಒಳಗೆ ಕೆಲಸವಿಲ್ಲ.

ಒಂದು ಅರ್ಜಿಗೆ 300 ರೂಪಾಯಿ, ಎಷ್ಟು ಸಲ ಹೋದರೂ ಅಷ್ಟೇ. ಅಮೆರಿಕದ ಪತ್ರಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಶನಿವಾರ, ಭಾನುವಾರ ಬೆಳಿಗ್ಗೆ ಹತ್ತರಿಂದ ತೆರೆದಿರುತ್ತದೆ, ಒಂದು ಗಂಟೆಗೆ ಊಟಕ್ಕೆ ಎದ್ದರೆ ನಾಲ್ಕರ ತನಕ ಬಾಗಿಲು ಹಾಕಿರುತ್ತದೆ. ಹೋಗುವಾಗ ಎರಡೂ ಸೆಮಿಸ್ಟರಿನ ಅಂಕಪಟ್ಟಿ, ಇಡೀ ವರ್ಷದ ಹಾಜರಾತಿ ಪತ್ರ, ಬೋನಾಫೈಡ್, ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಖಾತೆಯ ಪಾಸ್‌ಬುಕ್ ಒಯ್ಯಿರಿ. ಹಿಂದಿನ ವರ್ಷ ಅರ್ಜಿ ಯಾರ ಮೊಬೈಲ್ ಸಂಖ್ಯೆಯಲ್ಲಿ ಹೋಗಿತ್ತು ಎಂಬುದನ್ನು ಮನೆಯಲ್ಲೇ ನೋಡಿಕೊಂಡು ಹೋಗಿ. ನನ್ನ ಮಗಳ ಎರಡನೆಯ ವರ್ಷದ 12,000 ರೂಪಾಯಿ ಫೆಬ್ರವರಿಯಲ್ಲಿ ಅವಳ ಖಾತೆಗೆ ಬಂತು. ಅಕ್ಕನ ಮಗಳು ಪಾಳಿ ಬಿಟ್ಟು ಈ ಸೆಮಿಸ್ಟರಿಗೆ ಹದಿನೈದು ಕ್ರೆಡಿಟ್ ತೆಗೆದುಕೊಂಡಿದ್ದಾಳೆ, ಡಿಸೆಂಬರಿನಲ್ಲಿ ಫಲಿತಾಂಶ.